ಉರಿಬಿಸಿಲಿನ ಮಫ್ಲರು

ಪರರಿಗೆ ಕೇಳಿಸಬಾರದ ಮಾತನ್ನು ಅಂಗಳದಲ್ಲಿ ಫೋನಿನ ಸ್ಪೀಕರಿಗೆ ಹಾಕಿ ಆಲಿಸುವುದು ಅವಿವೇಕ. ಚಿಕ್ಕಜಾಜೂರಿನ ರೈಲ್ವೆ ನೌಕರ ಜುಂಜೇಶ್ ಆ ಬೆಳಿಗ್ಗೆ, ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದ ಕಾರಣಕ್ಕೆ, ಅದನ್ನೇ ಮಾಡಿದ. ಅಣ್ಣನಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಬಂದಿದ್ದುದರಿಂದ ಅವನೂ ಚಿತ್ರದುರ್ಗದಲ್ಲಿ ರಕ್ತ ಪರೀಕ್ಷೆಗೆ ಕೊಟ್ಟು ಬಂದಿದ್ದ.

“ನಿಮಗೆ ರೋಗ ಇಲ್ಲ,” ಎಂದರು ಡಾಕ್ಟರು. “ರಕ್ತದ ವಂಶವಾಹಿಯಲ್ಲಿ ಒಂದು ಗುರುತಿದೆ. ಲಿಂಫೋಮಾ ಬರೋ ಸಂಭವ ಬೇರೆಯವರಿಗಿಂತ ತುಸು ಹೆಚ್ಚು, ಅಷ್ಟೆ. ಸಂಬಂಧವೇ ಇಲ್ಲದ ಎಷ್ಟೋ ಜನರಲ್ಲಿ ಇದಿರುತ್ತೆ. ಕತ್ತಿನಲ್ಲಿ ಗಂಟು ಕಂಡರೆ ಬನ್ನಿ.”

ಗೋಡೆಯಾಚೆ ನೆರೆಮನೆಯ ಚಂದ್ರಕ್ಕನ ಪೊರಕೆ ನಿಂತಿತು.

“ಏನಪ್ಪ, ಗಂಟು ಅಂದ್ರಲ್ಲ? ಮಧ್ಯಾಹ್ನ ನಿನ್ ಮಗಳ್ನ ನೋಡಾಕೆ ಗಂಡಿನೋರು ಬರ್ತಾರೆ, ಏನ್ ಹೇಳ್ತೀಯ?”

“ಡಾಕ್ಟ್ರು ಮಾತು ನಂಬಬ್ಯಾಡಕ್ಕ. ರಕ್ತ ನೋಡಿದ್ರೆ ಏನ್ ತಿಳೀತೈತೆ?”

ಓದಿದವನ ಬಾಯಿಂದ ಬಂದ ಮಾತಿದು.

ಬಿಸಿಲೇರುವಷ್ಟರಲ್ಲಿ ಬೀದಿಯವರೆಲ್ಲ ಸಂತೆಯಲ್ಲಿ ಕುರಿ ನೋಡುವವರಂತೆ ಅವನ ಕತ್ತನ್ನು ನೋಡತೊಡಗಿದರು. ಗಂಟಿಲ್ಲದ ಕತ್ತಿಗೆ ಅವನು ಮಫ್ಲರು ಸುತ್ತಿದ.

“ಇದ್ದಿದ್ದು ಹೇಳ್ಬಿಡಪ್ಪ,” ಎಂದಳು ಮಗಳು ಜಯಶೀಲಾ. “ಹುಡುಗ ನಂಗೆ ಒಪ್ಪಿಗೆ. ಸುಳ್ಳು ಹೇಳಿ ಕೆಡಿಸ್ಬ್ಯಾಡ.”

“ಹೇಳಿದ್ರೇ ಕೆಡೋದು, ಸುಮ್ನಿರು.”

ಒಂದೇ ಬೆಡಗಿನವರು, ಅಂದರೆ ಒಂದೇ ಕುಲಮೂಲದವರು, ಅಣ್ಣ ತಂಗಿಯರ ಲೆಕ್ಕ; ಬೆಡಗು ಬೇರೆಯೆಂದು ಹಿರಿಯರು ವಿಚಾರಿಸಿಯೇ ಕೂಡಿಸಿದ್ದ ಸಂಬಂಧವದು. ಹರಿಯಬ್ಬೆಯಿಂದ ಬಂದಿಳಿದ ವರನ ತಂದೆ ಓಬಣ್ಣನನ್ನು ಕಂಡು ಜುಂಜೇಶ್ ಬೆಚ್ಚಿದ. ಆತನ ಕತ್ತಿಗೂ ಮಫ್ಲರು.

“ಬರ್ರಿ, ಕುಂತ್ಕಳ್ರಿ. ನೆಗಡಿಯೇನ್ರಿ?”

“ಹ್ಞೂನ್ರಿ. ನಿಮ್ಗೂನಾ?”

ಇಬ್ಬರೂ ಎದುರುಬದುರು ಕುಳಿತು ಬೆವೆತರು. ಕೊನೆಗೆ ಓಬಣ್ಣನೇ ಮಫ್ಲರು ಬಿಚ್ಚಿದ.

“ಸುಳ್ಳ್ಯಾಕ್ರಿ ಬೀಗ್ರೆ. ನನ್ನ ರಕ್ತದಾಗೆ ಲಿಂಫೋಮಾದ ಗುರುತೈತಂತೆ. ರೋಗ ಇಲ್ಲ. ಜನ ಕತ್ತು ನೋಡ್ತಾರಂತ ಸುತ್ಕಂಡಿದ್ದೆ.”

ಜುಂಜೇಶನಿಗೆ ನೆಲ ನೋಡುವಂತಾಯಿತು. ತನಗಿಲ್ಲದ ಧೈರ್ಯ ಆತನಿಗಿತ್ತು. ತಾನೂ ಬಿಚ್ಚಿದ. “ನಂದೂ ಅದೇ ಗುರುತ್ರಿ.”

ಇಬ್ಬರೂ ನಕ್ಕರು. ಸಕ್ಕರೆ ಹಂಚಲು ತಟ್ಟೆ ಬಂತು. ಆಗ ಬಾಗಿಲಲ್ಲಿ ಚಂದ್ರಕ್ಕ ಕಾಣಿಸಿಕೊಂಡಳು.

“ತಡೀರಿ. ಗುರುತು ಒಂದೇ ಅಂದ್ರೆ ರಕ್ತ ಒಂದೇ. ರಕ್ತ ಒಂದೇ ಅಂದ್ಮೇಲೆ ಬೆಡಗು ಬ್ಯಾರೆ ಹೆಂಗಾದೀತು? ಅಣ್ಣ ತಂಗಿಗೆ ಲಗ್ನ ಮಾಡ್ತೀರೇನ್ರಿ?”

ಓಬಣ್ಣನ ಕೈಯ ಸಕ್ಕರೆ ಬಾಯಿಗೆ ಹೋಗಲಿಲ್ಲ.

“ಹಂಗಲ್ಲಕ್ಕ,” ಜುಂಜೇಶ್ ತೊದಲಿದ. “ಸಂಬಂಧ ಇಲ್ದೋರಿಗೂ ಇರ್ತೈತೆ ಅಂತ ಡಾಕ್ಟ್ರೇ ಅಂದ್ರಲ್ಲ, ನೀನೂ ಕೇಳಿದ್ದೀಯ.”

“ಕೇಳಿದ್ದೆ. ನಂಬಬ್ಯಾಡ ಅಂದೋನು ನೀನೇ ಅಲ್ವೇನಪ್ಪ?”

ಓಬಣ್ಣ ಸಕ್ಕರೆಯನ್ನು ತಟ್ಟೆಗೇ ಸುರಿದು ಎದ್ದ. “ಹಿರೀಕರನ್ನ ಕೇಳಿ ಹೇಳ್ತೀವ್ರಿ.”

ತಟ್ಟೆ ಹಿಡಿದ ಜಯಶೀಲಾ ತಂದೆಯನ್ನೇ ನೋಡುತ್ತ ನಿಂತಳು. ಜುಂಜೇಶ್ ಮಫ್ಲರು ಎತ್ತಿಕೊಂಡು, ಈ ಸಲ ಮುಖಕ್ಕೆ ಸುತ್ತಿಕೊಂಡ.