ಭುಜದ ಮೇಲಿಡಬೇಕಾದ ಕೈ

ನಮ್ಮ ಚರ್ಚಿನ ಹುಡುಗ ಹುಡುಗಿಯರು ವಿಶ್ವಾಸದಿಂದ ದೂರವಾಗುತ್ತಿರುವುದಕ್ಕೆ ಮೊಬೈಲೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಫಾದರ್ ಪ್ರಸಂಗದಲ್ಲಿ ಹೇಳುತ್ತಾರೆ, ಸಿಸ್ಟರ್ ತರಗತಿಯಲ್ಲಿ ಹೇಳುತ್ತಾರೆ, ನನ್ನ ಅಮ್ಮ ಮೊಬೈಲಿನಲ್ಲಿ ಭಕ್ತಿಗೀತೆ ಕೇಳುತ್ತಲೇ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಮೊಬೈಲಿಗೆ ಅಷ್ಟು ಶಕ್ತಿಯಿದ್ದಿದ್ದರೆ ಅದು ಮೊದಲು ಅವರನ್ನು ಗಣಿತದ ಟ್ಯೂಷನ್ನಿನಿಂದ ದೂರ ಮಾಡಬೇಕಿತ್ತು. ಅದನ್ನು ಒಬ್ಬರೂ ತಪ್ಪಿಸುವುದಿಲ್ಲ. ಹುಡುಗರನ್ನು ಓಡಿಸುತ್ತಿರುವುದು ಅವರನ್ನು ಹತ್ತಿರ ತರಲೆಂದು ನಾವು ನಡೆಸುವ ಕಾರ್ಯಕ್ರಮಗಳು ಎಂಬುದು ನನ್ನ ವಾದ. ವಾದ ಎಂದೆನಲ್ಲ, ಅದು ನನ್ನ ಕಸುಬು. ಕಾಲೇಜಿನಲ್ಲಿದ್ದಷ್ಟು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಕಪ್ ಹೊಡೆದವಳು ನಾನು. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಶೋಕೇಸಿನಲ್ಲಿ ಅವು ಸಾಲಾಗಿ ನಿಂತಿವೆ. ಅಮ್ಮ ಅವುಗಳೊಳಗೆ ಸೇಫ್ಟಿ ಪಿನ್ನು, ರಬ್ಬರ್ ಬ್ಯಾಂಡು ಹಾಕಿಡುತ್ತಾಳೆ.

ನಮ್ಮ ಯುವಜನರ ನಾಯಕ ಲಾರೆನ್ಸ್ ಅಂಕಲ್. ಅವರಿಗೆ ಯೌವನ ಬಂದು ಮೂವತ್ತು ವರ್ಷವಾಗಿದೆ, ಇನ್ನೂ ಹೋಗಿಲ್ಲ. ಅವರ ಸ್ವಂತ ಮಗ ಮಾತ್ರ ಚರ್ಚಿನ ಕಾಂಪೌಂಡಿನೊಳಗೆ ಕ್ರಿಸ್ಮಸ್ಸಿಗಷ್ಟೇ ಕಾಲಿಡುತ್ತಾನೆ. ಅಂಕಲ್ ನಡೆಸುವ ಶಿಬಿರದಲ್ಲಿ ಮೊದಲು ಅಭಿನಯದ ಹಾಡು. ಮೀಸೆ ಚಿಗುರಿದ ಹುಡುಗರು ತಲೆಯ ಮೇಲೆ ಮೊಲದ ಕಿವಿ ಮಾಡಿಕೊಂಡು ದೇವರನ್ನು ಹೊಗಳಬೇಕು. ಆಮೇಲೆ ಗಾಜಿನ ಜಾಡಿಗೆ ಕಲ್ಲು, ಮರಳು, ನೀರು ಸುರಿದು, ಮೊದಲು ಹಾಕಿದ ಕಲ್ಲೇ ದೇವರು ಎಂದು ಸಾಬೀತು ಮಾಡುತ್ತಾರೆ. ಕೊನೆಗೆ ಪ್ರಶ್ನೆ ಪೆಟ್ಟಿಗೆ. ಏನು ಬೇಕಾದರೂ ಕೇಳಿ, ಹೆಸರು ಬರೆಯಬೇಡಿ ಎನ್ನುತ್ತಾರೆ. ಪ್ರತಿ ವರ್ಷವೂ ಪೆಟ್ಟಿಗೆಯಿಂದ ಹೊರಬರುವ ಪ್ರಶ್ನೆ ಒಂದೇ: ಜಪಸರ ಹೇಳುವಾಗ ನಿದ್ದೆ ಬಂದರೆ ಏನು ಮಾಡಬೇಕು. ನಾನು ಹದಿನೈದನೇ ವಯಸ್ಸಿನಲ್ಲಿ ಹಾಕಿದ ಚೀಟಿ ಇನ್ನೂ ಹೊರಬಂದಿಲ್ಲ.

ಈ ವರ್ಷ ಹತ್ತನೇ ತರಗತಿಯ ಹನ್ನೊಂದು ಮಂದಿಗೆ ದೃಢೀಕರಣ. ಹಸುಗೂಸಾಗಿದ್ದಾಗ ಅಪ್ಪ ಅಮ್ಮ ತಮ್ಮ ಪರವಾಗಿ ಒಪ್ಪಿಕೊಂಡ ವಿಶ್ವಾಸವನ್ನು ಬುದ್ಧಿ ಬಂದ ಮೇಲೆ ಬಿಷಪರ ಎದುರು ತಾವೇ ಒಪ್ಪಿಕೊಳ್ಳುವ ಸಂಸ್ಕಾರ. ನಮ್ಮ ಮನೆಯ ಓನರ್ ಆಂಟಿ, ದಾವಣಗೆರೆ ಕಡೆಯವರು, ತಮ್ಮಲ್ಲಿ ಲಿಂಗದೀಕ್ಷೆ ಕೊಡುತ್ತಾರಲ್ಲ ಹಾಗೇನಮ್ಮ ಎಂದು ಕೇಳಿದರು. ಹೆಚ್ಚು ಕಡಿಮೆ ಹಾಗೇ ಎಂದೆ. ಬೇಡ ಅಂದವರು ಯಾರಾದರೂ ಇದ್ದಾರಾ ಎಂದರು. ಇಲ್ಲ ಎಂದೆ. "ನಮ್ಮಾಗೂ ಇಲ್ಲ ಬಿಡು" ಎಂದು ಸಮಾಧಾನಪಟ್ಟುಕೊಂಡರು. ಈ ಸಂಸ್ಕಾರದಲ್ಲಿ ಒಬ್ಬೊಬ್ಬರ ಹಿಂದೆಯೂ ಒಬ್ಬ ಧರ್ಮಪೋಷಕರು ನಿಲ್ಲಬೇಕು. ಬಿಷಪರು ಹಣೆಗೆ ಪವಿತ್ರ ತೈಲ ಹಚ್ಚುವಾಗ ಅವರು ಭುಜದ ಮೇಲೆ ಬಲಗೈ ಇಡಬೇಕು. ಈ ಮಗುವಿನ ವಿಶ್ವಾಸಕ್ಕೆ ನಾನು ಜೊತೆಗಿದ್ದೇನೆ ಎಂದು ಅದರ ಅರ್ಥ. ಸಾಮಾನ್ಯವಾಗಿ ಫೋಟೋದಲ್ಲಿ ಚೆನ್ನಾಗಿ ಕಾಣುವ ಸೀರೆಯಿರುವ ಚಿಕ್ಕಮ್ಮ ನಿಲ್ಲುತ್ತಾಳೆ.

ತರಗತಿ ನಡೆಸುವ ಸಿಸ್ಟರ್ ಫಿಲೋಮಿನ ನನ್ನನ್ನು ಗೇಟಿನ ಹತ್ತಿರ ಹಿಡಿದರು. ಸ್ನೇಹಿತರು ಏನಾದರೂ ಕೇಳಿದರೆ ನಮ್ಮ ಹುಡುಗರು ಬಾಯಿ ಬಿಡುವುದಿಲ್ಲ, ನೀನು ಮಾತಿನಮಲ್ಲಿ, ಸ್ವಲ್ಪ ವಾದ ಮಾಡುವುದನ್ನು ಕಲಿಸು ಎಂದರು. ನಾನು ಭಾನುವಾರ ಅಮ್ಮನನ್ನು ಸ್ಕೂಟರಿನಲ್ಲಿ ಬಿಡಲು ಬಂದು, ಕೊನೆಯ ಬೆಂಚಿನಲ್ಲಿ ಕೂತು, ಪರಮಪ್ರಸಾದದ ಸಾಲಿಗೆ ಹೋಗದೆ ಎದ್ದುಬರುವವಳು. ದೇವರಿದ್ದಾನೋ ಇಲ್ಲವೋ ಎಂಬ ವಿಷಯದಲ್ಲಿ ನನ್ನದು ಬಹುಮಟ್ಟಿಗೆ ಎರಡನೆಯ ಪಕ್ಷ. ಆದರೂ ಒಪ್ಪಿಕೊಂಡೆ. ಸೇವಾಭಾವದಿಂದಲ್ಲ, ಪಾಠ ಮಾಡುವುದು ಹೇಗೆಂದು ಲಾರೆನ್ಸ್ ಅಂಕಲ್‌ಗೆ ತೋರಿಸಬೇಕಿತ್ತು. 'ಪ್ರಾರ್ಥನೆಯಿಂದ ಪ್ರಯೋಜನವಿದೆಯೇ' ಎಂದು ಬೋರ್ಡಿನ ಮೇಲೆ ಬರೆದೆ. ಚೀಟಿ ಎತ್ತಬೇಕು, 'ಇದೆ' ಬಂದರೂ 'ಇಲ್ಲ' ಬಂದರೂ ಅದರ ಪರವಾಗಿಯೇ ಮಾತಾಡಬೇಕು, ಕೊನೆಯಲ್ಲಿ ಮಾತಾಡುವ ನಾನೂ ಎತ್ತುತ್ತೇನೆ ಎಂದು ನಿಯಮ ಮಾಡಿದೆ. ಸಿಸ್ಟರ್ ಮುಖ ಸ್ವಲ್ಪ ಬಿಳಿಚಿತು. ನನಗೆ ಖುಷಿಯಾಯಿತು.

ಹೇರೋಹಳ್ಳಿಯಿಂದ ಬರುವ ಸ್ಟೆಫಿ ಮಾತ್ರ ಚೀಟಿ ಎತ್ತಲಿಲ್ಲ. "ನಾನು ಇಲ್ಲ ಅನ್ನೋ ಕಡೆ, ಚೀಟಿ ಬೇಡಕ್ಕ" ಎಂದು ಎದ್ದು ನಿಂತಳು. ಹೋದ ವರ್ಷ ಅವಳ ಅಪ್ಪ ಆಸ್ಪತ್ರೆಯಲ್ಲಿದ್ದಾಗ, ಒಂಬತ್ತು ದಿನ ತಪ್ಪದೆ ಹೇಳುವ ನೊವೇನ ಪ್ರಾರ್ಥನೆಯನ್ನು ಅವಳು ಹಾಸಿಗೆಯ ಪಕ್ಕ ಕೂತು ಹೇಳಿದ್ದಳಂತೆ. ಹತ್ತನೆಯ ದಿನ ಅಪ್ಪ ತೀರಿಕೊಂಡರು. ಅದಕ್ಕೇ ತನಗೆ ದೃಢೀಕರಣವೂ ಬೇಡ ಎಂದು ಅಮ್ಮನಿಗೆ ಹೇಳಿದ್ದೇನೆ ಎಂದಳು. ಅಷ್ಟು ಹೇಳಿ ಕೂತಳು. 'ಇದೆ' ಎಂಬ ಚೀಟಿ ಹಿಡಿದಿದ್ದ ಹುಡುಗರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ತರಗತಿ ನೋಡಲು ಬಂದು ಮೂಲೆಯಲ್ಲಿ ಕೂತಿದ್ದ ಲಾರೆನ್ಸ್ ಅಂಕಲ್ ಮೆಲ್ಲಗೆ ತಮ್ಮ ಗಿಟಾರಿನ ಕಡೆ ಕೈ ಚಾಚಿದರು.

ನನ್ನ ಚೀಟಿಯಲ್ಲಿ 'ಇದೆ' ಎಂದು ಬಂದಿತ್ತು. ಮರ್ಯಾದಸ್ಥರಾಗಿದ್ದರೆ ಅಲ್ಲಿಗೇ ಬೋರ್ಡು ಒರೆಸಿ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು. ಆದರೆ ಎದುರಾಳಿಯ ಅತ್ಯಂತ ಗಟ್ಟಿ ಉದಾಹರಣೆಯನ್ನೇ ಕಿತ್ತುಕೊಂಡು ತನ್ನದಾಗಿಸಿಕೊಳ್ಳಬೇಕು ಎಂಬುದು ನಾನು ಕಲಿತ ಮೊದಲ ಪಾಠ. ದನಿ ತಗ್ಗಿಸಿದೆ, ಎಲ್ಲಿ ತಗ್ಗಿಸಬೇಕೆಂದು ನನಗೆ ಗೊತ್ತು.

"ಆ ಒಂಬತ್ತು ದಿನ ನೀನು ಎಲ್ಲಿದ್ದೆ ಸ್ಟೆಫಿ? ಅಪ್ಪನ ಪಕ್ಕದಲ್ಲಿ. ಪ್ರಾರ್ಥನೆ ಇಲ್ದೇ ಹೋಗಿದ್ರೆ ಹೊರಗಡೆ ಬೆಂಚ್ ಮೇಲೆ ಫೋನ್ ನೋಡ್ಕೊಂಡು ಕೂತಿರ್ತಿದ್ದೆ. ನಿಮ್ಮಪ್ಪ ಒಂಟಿಯಾಗಿ ಹೋಗಲಿಲ್ಲ ಕಣೇ. ಅದು ಪ್ರಯೋಜನ ಅಲ್ವಾ?"

ಸಿಸ್ಟರ್ ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಟೆಫಿ ನೆಲ ನೋಡುತ್ತಿದ್ದಳು. ನಾನು ಗಡಿಯಾರ ನೋಡಿದೆ, ಸಮಯದೊಳಗೆ ಮುಗಿಸಿದ್ದೆ.

ಮುಂದಿನ ಭಾನುವಾರ ಸ್ಟೆಫಿ ದೃಢೀಕರಣದ ಅರ್ಜಿ ತುಂಬಿ ತಂದಳು. ಧರ್ಮಪೋಷಕರು ಎಂಬ ಕಡೆ ನನ್ನ ಹೆಸರು. ಅಕ್ಕ ನಿಂತರೆ ತಗೊಳ್ತೀನಿ, ಇಲ್ಲದಿದ್ದರೆ ಇಲ್ಲ ಎಂದಿದ್ದಾಳೆಂದು ಅವಳಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಒಂದು ವರ್ಷದಿಂದ ಮಗಳು ಚರ್ಚಿನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳಂತೆ. ಲಾರೆನ್ಸ್ ಅಂಕಲ್ ಇದನ್ನು ಮುಂದಿನ ಶಿಬಿರದಲ್ಲಿ ಸಾಕ್ಷ್ಯವಾಗಿ ಹೇಳುತ್ತೇನೆಂದು ನೋಟ್ ಮಾಡಿಕೊಂಡರು. ನಾನು ನೆಟ್ಟಗೆ ಫಾದರ್ ಹತ್ತಿರ ಹೋಗಿ, ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಎಂದು ಒಪ್ಪಿಕೊಂಡೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಪೀಠದಿಂದ ನೋಡಿದರೆ ಕೊನೆಯ ಬೆಂಚೂ ಕಾಣುತ್ತದಂತೆ. ನಂಬಿಕೆಯಿಲ್ಲದವರು ಪೋಷಕರಾಗುವ ಹಾಗಿಲ್ಲ ಎಂಬ ನಿಯಮವನ್ನೂ ತಿಳಿಸಿದರು. ಹಾಗಾದರೆ ಅವಳಿಗೆ ನೀವೇ ಹೇಳಿಬಿಡಿ ಎಂದೆ. "ನಂಬಿಸಿದ್ದು ನಾನಲ್ಲಮ್ಮ" ಎಂದು ಮದುವೆಗಳ ರಿಜಿಸ್ಟರ್ ತೆರೆದು ಕೂತರು.

ಆ ಸಂಜೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಹೇರೋಹಳ್ಳಿಯ ರಸ್ತೆಯಲ್ಲಿ ಪೀಠಿಕೆ ಹಾಕಲು ಆಗುವುದಿಲ್ಲ; ಹೊಂಡಕ್ಕೊಂದರಂತೆ ವಾಕ್ಯ ತುಂಡಾಗುತ್ತದೆ. ಅವಳ ಮನೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಹೇಳಿಬಿಟ್ಟೆ. ನನಗೆ ಅಂಥ ನಂಬಿಕೆಯೇನೂ ಇಲ್ಲ, ಅವತ್ತು ಚೀಟಿಯಲ್ಲಿ ಬಂದದ್ದನ್ನು ಮಾತಾಡಿದೆ, ಬೇರೆ ಯಾರನ್ನಾದರೂ ನಿಲ್ಲಿಸಿಕೋ ಎಂದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅದಕ್ಕೊಂದು ಸಮಾಧಾನದ ಮಾತು ಸಿದ್ಧವಿತ್ತು. ಬೈಯುತ್ತಾಳೆ ಅಂದುಕೊಂಡಿದ್ದೆ, ಅದಕ್ಕೂ ಒಂದಿತ್ತು. ಅವಳು ಎರಡೂ ಮಾಡಲಿಲ್ಲ. ಗಾಡಿಯಿಂದ ಇಳಿದು, ನನ್ನ ಮುಂದೆ ಬಂದು ನಿಂತು, ಹೆಲ್ಮೆಟ್ಟಿನ ಗಾಜನ್ನು ತಾನೇ ಮೇಲೆತ್ತಿ ಕೇಳಿದಳು:

"ಅಕ್ಕ, ಚೀಟಿಲಿ ಇಲ್ಲ ಅಂತ ಬಂದಿದ್ರೆ, ನಮ್ಮಪ್ಪನ ಬಗ್ಗೆ ಏನ್ ಹೇಳ್ತಿದ್ರಿ?"