ನಳದ ಮುಂದಿನ ಸಂವಿಧಾನ

ಭಾರತದ ಸಂವಿಧಾನ ದಿಲ್ಲಿಯಲ್ಲಿದೆ ಎಂದು ನೀವು ನಂಬಿದ್ದರೆ ನಂಬಿಕೊಂಡಿರಿ. ತೊಂಬತ್ತರ ದಶಕದಲ್ಲಿ ಅದು ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ನಳದ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿರುತ್ತಿತ್ತು! ನಮ್ಮ ಮನೆಯಲ್ಲೇ ಇದ್ದ ನನ್ನ ಸೋದರತ್ತೆಯ ಮಾತು ಹೇಳುತ್ತಿದ್ದೇನೆ. ಸಾಲೆಯಲ್ಲಿ ಪೌರನೀತಿ ಕಲಿಸಿ ನಿವೃತ್ತಳಾದವಳು, ಓಣಿಗೆಲ್ಲ 'ಅಕ್ಕೋರು'. ಕಲಿತ ಮಕ್ಕಳು ಪರೀಕ್ಷೆಯ ಮರುದಿನವೇ ಪೌರನೀತಿ ಮರೆಯುತ್ತಾರೆ. ಕಲಿಸಿದವಳೂ ಮರೆಯಬೇಡವೇ?

ಮರೆಯಲಿಲ್ಲ. ಗಂಡಸರಿಗೆ ಮೊದಲು ಹೋಳಿಗೆ ಬಡಿಸಿದರೆ ಸಮಾನತೆಯ ಹಕ್ಕು ಎದ್ದು ನಿಲ್ಲುತ್ತಿತ್ತು. ಆಕೆಯ ಗೊರಕೆಯಿಂದ ನಿದ್ದೆ ಇಲ್ಲ ಎಂದು ಅಪ್ಪ ದೂರಿದರೆ, ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ!

ಆಕೆಯ ನಿಜವಾದ ಸಂಸತ್ತು ಮಾತ್ರ ನಳವೇ. ಹುಬ್ಬಳ್ಳಿಯಲ್ಲಿ ನೀರು ಬರುವುದೆಂದರೆ ದೂರದ ಬೀಗರು ಬಂದ ಹಾಗೆ, ಬಂದಾಗ ಬಿಟ್ಟು ಏಳುವಂತಿಲ್ಲ. ಕೊಡಗಳ ಸಾಲು ಅತ್ತೆಯ ಸುಪರ್ದಿ. ಸ್ವಂತ ತಮ್ಮನ, ಅಂದರೆ ನಮ್ಮಪ್ಪನ, ಕೊಡ ಮುಂದೆ ಜರುಗಿದ್ದು ಕಂಡು ತಾನೇ ಎತ್ತಿ ಕಟ್ಟಕಡೆಗೆ ಇಟ್ಟಳು. ಅಂದು ಅಪ್ಪ ಸ್ನಾನವಿಲ್ಲದೆ ಆಫೀಸಿಗೆ ಹೋದರು. ನಳದ ಹತ್ತಿರ ಜಗಳಾಡಿದವರಿಗೆ ಶಿಕ್ಷೆಯೂ ಇತ್ತು. ಒಬ್ಬರ ಕೊಡವನ್ನು ಇನ್ನೊಬ್ಬರು ಹೊತ್ತು ಮನೆ ಮುಟ್ಟಿಸಬೇಕು! ತುಂಬಿದ ಕೊಡ ಹೊತ್ತವರು ಎಷ್ಟು ಹೊತ್ತು ತಾನೇ ಬೈದಾರು? ಓಣಿಯ ಕೊನೆಯ ಮನೆಯ ಶಮೀಮಾ, ಗಾದಿ ಹೊಲಿಯುವವನ ಹೆಂಡತಿ, ಅತ್ತೆಯೊಂದಿಗೇ ಜಗಳ ತೆಗೆದಿದ್ದಳು. ಆವತ್ತು ಅತ್ತೆಯೂ ಏದುಸಿರು ಬಿಡುತ್ತ ಅವಳ ಕೊಡ ಹೊತ್ತಳು.

ಒಂದು ವರ್ಷ ಕೋಮುಗಲಭೆ ಎದ್ದು ಊರು ಕೆಟ್ಟಿತು. ಕರ್ಫ್ಯೂ ಬಿತ್ತು. ಕೊಡಕ್ಕೆ ಕೊಡ ತಾಗಿಸಿ ನಿಂತವರೆಲ್ಲ ಕಿಡಕಿ ಮುಚ್ಚಿಕೊಂಡರು. ಶಮೀಮಾ ಆಗ ಹಸಿ ಬಾಳಂತಿ, ಮನೆಯಲ್ಲಿ ಹನಿ ನೀರಿಲ್ಲ. ನಳಕ್ಕೇನು ಗೊತ್ತು ಕರ್ಫ್ಯೂ? ಮುಂಜಾನೆ ಸುರಿಯತೊಡಗಿತು. ಅಪ್ಪ ಬೇಡವೆಂದರೂ ಕೇಳದೆ ಅತ್ತೆ ಶಮೀಮಾಳ ಮನೆಯ ಎರಡು ಕೊಡ ತಂದು ನಳದ ಕೆಳಗೆ ಇಟ್ಟಳು. ಪೊಲೀಸನೊಬ್ಬ ಲಾಠಿ ಎತ್ತಿಕೊಂಡು ಓಡಿ ಬಂದ.

"ಬದುಕೋ ಹಕ್ಕು ಐತೋ ಇಲ್ಲೋ, ತಮ್ಮಾ? ಹಸುಗೂಸಿನ ಮನ್ಯಾಗ ನೀರಿಲ್ಲ. ಹೊಡಿಯೂದಿದ್ರ ಕೊಡಾ ತುಂಬಿದ ಮ್ಯಾಲ ಹೊಡಿ," ಎಂದಳು ಅತ್ತೆ.

ಅವನ ಲಾಠಿ ಕಂಕುಳಿಗೆ ಇಳಿಯಿತು. ಕೈ ಖಾಲಿಯಾಯಿತಲ್ಲ, ಎರಡನೆಯ ಕೊಡ ಅವನ ಕೈಗೇ ಬಂತು! ಕಿಡಕಿಗಳು ಒಂದೊಂದಾಗಿ ತೆರೆದವು. ಉಳಿದವರೂ ಕೊಡ ತಂದರು. ಸರತಿಯ ಪ್ರಕಾರ ಅಂದು ಶಮೀಮಾಳ ಮನೆಯದೇ ಕಡೆಯ ಪಾಳಿ. ಯಾರೂ ಆ ಮಾತು ಎತ್ತಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅತ್ತೆ ಅದೇ ನಳದ ಹತ್ತಿರ ಜಾರಿ ಸೊಂಟ ಮುರಿದುಕೊಂಡಳು. ಸತ್ತೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಗಿ ಮನೆಗೆ ಬಂದವಳಿಗೆ ಹಾಸಿಗೆಯೇ ಗತಿ. ಇನ್ನು ತಾನು ಯಾರಿಗೂ ಬೇಡ ಎಂಬ ಕೊರಗು ಬೇರೆ. ನೀರು ಬಂದ ದಿನ ಕಿಡಕಿಯಿಂದ ನೋಡಿದರೆ ನಮ್ಮ ಕೊಡ ಎಲ್ಲರಿಗಿಂತ ಮುಂದೆ! ಸರತಿ ಕೆಡಿಸಿದವರು ಯಾರೆಂದು ಮಲಗಿದಲ್ಲಿಂದಲೇ ಗದರಿದಳು.

ಶಮೀಮಾ ತುಂಬಿದ ಕೊಡ ಹೊತ್ತು ಒಳಗೆ ಬಂದಳು.

"ಕರ್ಫ್ಯೂದಾಗ ನನ್ನ ಕೊಡಾ ಮೊದಲ ಇಟ್ಟಿದ್ರಿ, ಅಕ್ಕೋರ. ಆವತ್ತ ಎಲ್ಲಿ ಹೋಗಿತ್ರಿ ನಿಮ್ಮ ಸರತಿ?"

ಅತ್ತೆಯ ಕಣ್ಣು ತುಂಬಿ ಬಂದವು. ಶಮೀಮಾಳತ್ತ ಕೈ ಚಾಚಿದಳು.

"ಹಂಗಾರ ಒಂದ್ ವಾಟಿ ನೀರ ಕುಡಿಯಾಕ ಕೊಡವಾ."