ಚಾರ್ಜಿಂಗ್ ತೂತಿನಲ್ಲಿ ರಾಗಿ ಪೈರು

ಕುಂದಾಣದ ಕಡೆ ಫೋನ್ ಕೆಟ್ಟರೆ ಎಲ್ಲರೂ ದೇವನಹಳ್ಳಿಗೆ ಓಡುತ್ತಾರೆ. ನಮ್ಮ ಬೀದಿಯವರು ಮಾತ್ರ ಮೊದಲು ನನ್ನ ಹತ್ತಿರ ಬರುತ್ತಾರೆ. ನಾನು ಆಫ್ ಮಾಡಿ ಆನ್ ಮಾಡಿಕೊಡುತ್ತೇನೆ. ಅಷ್ಟಕ್ಕೇ ‘ಇಂಜಿನಿಯರ್’ ಎಂಬ ಬಿರುದು ಬಂದಿದೆ. ನಾನೂ ಬೇಡ ಎಂದಿಲ್ಲ.

ಇಂಥ ಇಂಜಿನಿಯರು ಎಡಗೈಯಲ್ಲಿ ರೀಲ್ಸ್, ಬಲಗೈಯಲ್ಲಿ ಮುದ್ದೆ ಹಿಡಿದು ಕೂತಿದ್ದಾಗ ಫೋನ್ ಜಾರಿ ಬಸ್ಸಾರಿನ ತಟ್ಟೆಗೆ ಬಿತ್ತು. ಎತ್ತುವಷ್ಟರಲ್ಲಿ ಪ್ರಾಣ ಹೋಗಿತ್ತು!

ಫೋನ್ ಕೊಡಿಸುವಾಗಲೇ ಅಪ್ಪ ಅಂದಿದ್ದ, “ಇದೇನಾದ್ರೂ ಕೆಡ್ತು ಅಂದ್ರೆ ಪಿಯುಸಿ ಮುಗಿಯೋಗಂಟ ಇನ್ನೊಂದು ಕೇಳಂಗಿಲ್ಲ.” ಅಪ್ಪ ಹೊಲದಿಂದ ಬರುವುದರೊಳಗೆ ಫೋನ್ ಬದುಕಬೇಕಿತ್ತು.

ಬೆಳ್ಳುಳ್ಳಿ ವಾಸನೆ ಹೋಗಲೆಂದು ನಲ್ಲಿಗೆ ಹಿಡಿದು ತೊಳೆದೆ. ಶುಭ್ರವಾಯಿತು. ಈಗ ಒಳಗೆ ಬಸ್ಸಾರಿನ ಜೊತೆ ನೀರೂ ಸೇರಿತು.

ಒದ್ದೆ ಫೋನನ್ನು ಅಕ್ಕಿಯಲ್ಲಿ ಹೂತಿಡಬೇಕೆಂಬುದು ಲೋಕಪ್ರಸಿದ್ಧ. ಆದರೆ ಅಕ್ಕಿ ಡಬ್ಬ ಅಮ್ಮ ದಿನಾ ತೆಗೆಯುತ್ತಾಳೆ, ಸಿಕ್ಕಿಬೀಳುತ್ತೇನೆ. ರಾಗಿ ಡ್ರಮ್ಮಾದರೋ ಮಿಲ್ಲಿಗೆ ಹೋಗುವಾಗ ಮಾತ್ರ ತೆರೆಯುತ್ತದೆ! ಫೋನ್ ಒರೆಸಿದ ಟವೆಲ್ಲಿನಲ್ಲೇ ಅದನ್ನಿಟ್ಟು, ಮೇಲೆ ಧಾರಾಳವಾಗಿ ರಾಗಿ ಸುರಿದು, ಬಿಗಿಯಾಗಿ ಗಂಟು ಕಟ್ಟಿ ಡ್ರಮ್ಮಿನ ಒಳಕ್ಕೆ ತುರುಕಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ, “ಎಲ್ಲೋಯ್ತಲಾ ನಿನ್ ಫೋನು?”

“ಓದೋಕೆ ತೊಂದ್ರೆ ಆಗ್ತದೆ ಅಂತ ಎತ್ತಿಟ್ಬಿಟ್ಟೆ ಕಣಪ್ಪ.”

ಅಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮಾರನೆಯ ದಿನ ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಅಪ್ಪ ಹೇಳಿದ್ದು ಇದೇ ಸುದ್ದಿ. “ನಿಮ್ ಹೈದನ್ನ ನೋಡಿ ನಮ್ದೂ ಕಲೀಬೇಕು ಬುಡು,” ಎಂದರಂತೆ. ಆ ಸಂಜೆ ಅಮ್ಮ ನನಗಾಗಿ ಒಬ್ಬಟ್ಟು ಮಾಡಿದಳು. ನಾಚಿಕೆಯಿಂದ ನಾಲ್ಕೇ ತಿಂದೆ.

ಮೂರನೆಯ ದಿನ ಕದ್ದು ಗಂಟು ಬಿಚ್ಚಿದೆ. ರಾಗಿಯ ನಡುವೆ ಬಿಳಿ ಬಿಳಿ ಎಳೆಗಳಿದ್ದವು. ಟವೆಲ್ಲಿನ ದಾರವೆಂದುಕೊಂಡು ಕೊಡವಿದೆ. ಚಾರ್ಜರ್ ಮಾತ್ರ ಒಳಗೆ ಹೋಗಲೊಲ್ಲದು. ವಿಧಿಯಿಲ್ಲದೆ ದೇವನಹಳ್ಳಿಯಲ್ಲಿ ಫೋನ್ ರಿಪೇರಿ ಅಂಗಡಿ ಇಟ್ಟಿದ್ದ ನಮ್ಮೂರಿನ ಮಂಜಣ್ಣನ ಹತ್ತಿರ ಹೋದೆ. ಅವನು ಭೂತಗನ್ನಡಿ ಹಿಡಿದು ಬಗ್ಗಿದವನು ಬಹಳ ಹೊತ್ತು ಮೇಲೇಳಲೇ ಇಲ್ಲ.

“ಏನಾಯ್ತಣ್ಣ?”

“ಗುರು... ಇದ್ರೊಳಗೆ ರಾಗಿ ಮೊಳ್ತೈತೆ ಕಣೋ!”

ಅಷ್ಟಕ್ಕೇ ಬಿಟ್ಟಿದ್ದರೆ ಮಂಜಣ್ಣ ದೊಡ್ಡ ಮನುಷ್ಯ ಎನ್ನಬಹುದಿತ್ತು. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ. ನಾನು ಬಸ್ಸಿಳಿಯುವ ಮುಂಚೆಯೇ ಊರೆಲ್ಲ ನೋಡಿತ್ತು. ಬಾಗಿಲಲ್ಲೇ ಅಮ್ಮ ನಿಂತಿದ್ದಳು.

“ಮಾಲ್ಟ್‌ಗೆ ನಾನು ಮೊಳ್ಕೆ ಕಟ್ಟೋದು ಹಿಂಗೇ ಅಲ್ವೇನಲಾ! ವದ್ದೆ ಬಟ್ಟೇಲಿ ರಾಗಿ ಗಂಟು ಕಟ್ಟುದ್ರೆ ಇನ್ನೇನು ಚಿನ್ನ ಬತ್ತದಾ?”

ಅಪ್ಪ ಬೈಯಲಿಲ್ಲ. ಅದೇ ಭಯ.

“ಹುಟ್ಟಿದಾಗಿಂದ ರಾಗಿ ಬೆಳೀತಿವ್ನಿ, ಹೊಲಾನೇ ಇಲ್ದಂಗೆ ಬೆಳೆದೋನ್ನ ಇವತ್ತೇ ನೋಡಿದ್ದು. ಫೋನಂತೂ ಇಲ್ಲ, ಕೈ ಖಾಲಿ ಐತಲ್ಲ? ಭಾನುವಾರ ಕಳೆ ಕೀಳೋಕೆ ಬಾ.”

ಹೋದೆ. ತಲೆ ಎತ್ತದೆ, ಪಕ್ಕದ ಹೊಲದವರೆಲ್ಲ ನೋಡುವಂತೆ ಸರಸರನೆ ಒಂದು ಸಾಲು ಪೂರ್ತಿ ಕಿತ್ತು ಸೊಂಟ ನೆಟ್ಟಗೆ ಮಾಡಿದೆ. ಹಿಂದೆ ಬಂದ ಅಪ್ಪ ನಾನು ಕಿತ್ತು ಹಾಕಿದ ಗುಡ್ಡೆಯನ್ನು ನೋಡಿದ, ಸಾಲನ್ನು ನೋಡಿದ, ನನ್ನನ್ನು ನೋಡಿದ.

ಕಿತ್ತದ್ದೆಲ್ಲ ರಾಗಿ. ಕಳೆ ಒಂದೂ ಅಲುಗಾಡಿರಲಿಲ್ಲ!